ಎಡಕ್ಕೆ ಬಾಗಿದ ಹೊಲಿಗೆ

ಒಂದೇ ಸಿನಿಮಾವನ್ನು ಮೂರನೆಯ ಸಲ ದುಡ್ಡು ಕೊಟ್ಟು ಕೊಳ್ಳುವವರನ್ನು ಏನೆಂದು ಕರೆಯಬೇಕು ಎಂಬುದು ಎಡಚಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಕ್ಯಾಸೆಟ್ ಎಂದರು, ಕೊಂಡಳು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಡಿಸ್ಕ್ ಎಂದರು, ಅದನ್ನೂ ಕೊಂಡಳು. ಈಗ ಅದೇ ಸಿನಿಮಾವನ್ನು ತೊಳೆದು ಒರೆಸಿ ಹೊಸ ಡಬ್ಬಿಯಲ್ಲಿಟ್ಟು ಮತ್ತೆ ಮಾರಲು ಬಂದಿದ್ದರು. ನಾಚಿಕೆಗೆಟ್ಟವರು.

ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಮೂಲೆಯಲ್ಲಿ, ಜೋತುಬಿದ್ದ ಚಾರ್ಜರ್ ವೈರುಗಳ ಕೆಳಗೆ ನಿಂತು ಅವಳು ಆ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿದಳು. ಮೇಲಿನ ಚಿತ್ರದಲ್ಲಿ ನಾಯಕಿಯ ಮುಖ ಹಿಟ್ಟು ಮೆತ್ತಿದಷ್ಟು ನುಣ್ಣಗಿತ್ತು. ಅಂಗಡಿಯವನು ಹಲ್ಲು ಕಿರಿಯುತ್ತ ಪಕ್ಕಕ್ಕೆ ಬಂದು, ಹಳೆಯದಕ್ಕೆ ಕಾಯಕಲ್ಪ ಮಾಡಿದ್ದಾರೆ, ನಿಮ್ಮಂಥ ರಸಿಕರಿಗೆಂದೇ ತರಿಸಿದ್ದೇನೆ ಎಂದ. ನಿಮ್ಮಂಥ ರಸಿಕರು ಎಂಬ ಬೆಣ್ಣೆಯನ್ನು ಅವನು ಫೋನಿನ ಗಾಜು ಬದಲಿಸಲು ಬಂದವರಿಗೂ ಹಚ್ಚುತ್ತಾನೆಂದು ಅವಳಿಗೆ ಗೊತ್ತಿತ್ತು. ಒಡೆದ ಪರದೆಯನ್ನು ನೆಟ್ಟಗೆ ಕೂರಿಸಲು ಬಾರದವನು ಕಾಯಕಲ್ಪದ ಮಾತಾಡುತ್ತಾನೆ ಎಂದುಕೊಂಡು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಹೊರಟಳು. ಬಾಗಿಲ ತನಕ ಹೋಗಿ ವಾಪಸು ಬಂದು ಅದರ ಬೆನ್ನಿನ ಮೇಲಿದ್ದ ಒಂದು ಸಾಲನ್ನು ಮತ್ತೆ ಓದಿದಳು. ಹಿಂದೆಂದೂ ಕಾಣದಷ್ಟು ಸ್ಪಷ್ಟ, ಎಂದು ಬರೆದಿತ್ತು.

ಆ ಸಾಲೇ ಅವಳಿಗೆ ಚುಚ್ಚಿದ್ದು.

ಆ ಸಿನಿಮಾ ತಯಾರಾಗುವಾಗ ಅವಳೂ ಅವಳ ಅಕ್ಕನೂ ಸ್ಟುಡಿಯೋದ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿದ್ದರು. ಎಡಚಿ ಎಂಬ ಹೆಸರು ಬಿದ್ದದ್ದು ಅಲ್ಲಿಯೇ. ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದವಳು ಅವಳೊಬ್ಬಳೇ. ನಾಯಕಿಗೊಂದು ಕಡುನೀಲಿ ಉಣ್ಣೆಯ ನಿಲುವಂಗಿ ಬೇಕಿತ್ತು. ಸಿನಿಮಾದಲ್ಲಿ ಇಂಥ ಬಟ್ಟೆಯನ್ನು ಒಂದೇ ಹೊಲಿಯುವುದಿಲ್ಲ, ಜೋಡಿ ಹೊಲಿಯುತ್ತಾರೆ. ಒಂದು ಹತ್ತಿರದಿಂದ ತೋರಿಸುವುದಕ್ಕೆ, ಇನ್ನೊಂದು ಬೀಳುವ, ಏಳುವ, ಕೆಸರಾಗುವ ದೃಶ್ಯಗಳಿಗೆ. ಮೇಸ್ತ್ರಿ ಎರಡನ್ನೂ ಕತ್ತರಿಸಿ ಅಕ್ಕನಿಗೊಂದು ತಂಗಿಗೊಂದು ಕೊಟ್ಟ. ಕಾಲರಿನ ಅಂಚಿಗೆ ಬೆಳ್ಳಿದಾರದಲ್ಲಿ ಕೈಹೊಲಿಗೆ ಹಾಕಬೇಕಿತ್ತು. ಮುಗಿದ ಮೇಲೆ ಎರಡನ್ನೂ ಬೆಳಕಿಗೆ ಹಿಡಿದು ನೋಡಿದ, ಯಾವುದು ಎಲ್ಲಿಗೆ ಎಂದು ಯಾರಿಗೂ ಹೇಳದೆ ತೆಗೆದುಕೊಂಡು ಹೋದ. ಮೇಸ್ತ್ರಿ ಸತ್ತು ಎಷ್ಟೋ ಕಾಲವಾಯಿತು. ನಿಲುವಂಗಿಗಳನ್ನು ಯಾರು ಹರಿದು ಯಾವ ಗಾಡಿ ಒರೆಸಿದರೋ ದೇವರಿಗೇ ಗೊತ್ತು.

ನಾಯಕಿ ಮೆಟ್ಟಿಲ ಮೇಲೆ ನಿಂತು ಹೊರಳಿ ನೋಡುತ್ತಾಳಲ್ಲ, ಪರದೆಯ ತುಂಬ ಅವಳ ಮುಖ, ಕತ್ತು, ಕಾಲರು ಮಾತ್ರ ಕಾಣುತ್ತವಲ್ಲ, ಜನ ಆ ಸಿನಿಮಾವನ್ನು ನೆನಪಿಟ್ಟುಕೊಂಡದ್ದೇ ಆ ಒಂದು ನೋಟಕ್ಕೆ. ಆ ಕಾಲರು ತನ್ನ ಕೈಯದು ಎಂದು ಎಡಚಿ ಮದುವೆಗೆ ಮುಂಚೆಯಿಂದ ಹೇಳಿಕೊಂಡು ಬಂದಿದ್ದಳು. ನೆಂಟರಿಗೆ ಹೇಳಿದ್ದಳು, ಬೀಗರಿಗೆ ಹೇಳಿದ್ದಳು, ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಿಗೆ ಇಕ್ಕಳ ಹಾಕುವ ಮುಂಚೆ ಡಾಕ್ಟರಿಗೂ ಹೇಳಿದ್ದಳು. ಅಕ್ಕನದು ಕೆಸರಿಗೆ ಹೋಯಿತು ಎಂಬುದು ಆ ಕತೆಯ ಕೊನೆಯ ವಾಕ್ಯ. ಅದಿಲ್ಲದೆ ಕತೆ ಮುಗಿದಂತೆ ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ.

ಸಾಬೀತು ಮಾಡುವುದೇನೋ ಸುಲಭವಿತ್ತು. ಬಲಗೈಯವರ ಹೊಲಿಗೆ ಒಂದು ಕಡೆಗೆ ಓರೆಯಾದರೆ ಎಡಗೈಯವರದು ಅದರ ಎದುರು ದಿಕ್ಕಿಗೆ ಬಾಗುತ್ತದೆ. ಆದರೆ ಕ್ಯಾಸೆಟ್ಟಿನಲ್ಲಿ ಆ ಕಾಲರು ಒಂದು ಬೂದಿ ಪಟ್ಟಿ, ಡಿಸ್ಕಿನಲ್ಲಿ ಸ್ವಲ್ಪ ಹೊಳೆಯುವ ಬೂದಿ ಪಟ್ಟಿ. ಹಾಗಾಗಿ ಇಷ್ಟು ವರ್ಷ ಗೆದ್ದದ್ದು ಹೊಲಿಗೆಯಲ್ಲ, ಗಂಟಲು. ಎಡಚಿಯದು ದೊಡ್ಡ ಗಂಟಲು.

ಭಾನುವಾರ ಭಾನುವಾರ ಅಕ್ಕ ಬರುತ್ತಿದ್ದಳು. ಮೊದಲೆಲ್ಲ, ಹಾಗಲ್ಲ ಕಣೇ, ಮೇಸ್ತ್ರಿ ನನ್ನದನ್ನೇ ಮೇಲಿಟ್ಟಿದ್ದ ಎಂದು ಮೆಲ್ಲಗೆ ಎದುರಾಡುತ್ತಿದ್ದಳು. ಈಚೆಗೆ ಕೆಲವು ತಿಂಗಳಿಂದ ಅದನ್ನೂ ಬಿಟ್ಟಿದ್ದಳು. ತಂಗಿ ಕಾಲರಿನ ಮಾತೆತ್ತಿದರೆ ಚಹದ ಬಟ್ಟಲು ನೋಡುತ್ತ ಕೂರುತ್ತಿದ್ದಳು. ಸೋತಳು ಎಂದು ಎಡಚಿ ತಿಳಿದಳು. ಸೋತವರ ಮೇಲೆ ಅವಳಿಗೆ ಕರುಣೆ ಬರುತ್ತಿರಲಿಲ್ಲ, ಇನ್ನಷ್ಟು ತಾತ್ಸಾರ ಬರುತ್ತಿತ್ತು. ಅಕ್ಕ ಹೊಲಿಗೆ ಬಿಟ್ಟು ಮೊಮ್ಮಕ್ಕಳ ಮೂಗು ಒರೆಸಿಕೊಂಡಿದ್ದವಳು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾರದವಳು; ಅವಳ ಕೈಗೆ ಮೇಸ್ತ್ರಿ ಅಂಥ ದೃಶ್ಯ ಕೊಟ್ಟಾನೆಯೇ?

ಹೊಸ ಡಬ್ಬಿಯ ವಿಷಯ ಕೇಳಿದ ಗಂಡ, ತಂದು ನೋಡಿ ಒಂದು ಸಲ ಮುಗಿಸಿಬಿಡು ಎಂದು ಪೇಪರಿನ ಹಿಂದಿನಿಂದ ಹೇಳಿದ. ಅನುಮಾನ ಇರುವವರು ನೋಡಬೇಕು, ನನಗೇನು ಅನುಮಾನ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಮುಚ್ಚಿಸಿದ ಮೇಲೆ ಪಾತ್ರೆ ತೊಳೆಯುತ್ತ ನಿಂತಾಗ ಆ ಮಾತು ಅವಳಿಗೇ ರುಚಿಸಲಿಲ್ಲ. ಅನುಮಾನವಿಲ್ಲದಿದ್ದರೆ ಬಾಗಿಲ ತನಕ ಹೋದವಳು ವಾಪಸು ಯಾಕೆ ಬಂದೆ? ಮನಸ್ಸು ಒಪ್ಪದಿದ್ದರೂ ಬೇರೊಂದು ಲೆಕ್ಕ ಹಾಕಿದಳು. ಡಬ್ಬಿ ಕೊಳ್ಳುವುದು ತನಗಲ್ಲ, ಅಕ್ಕನಿಗೆ. ಭಾನುವಾರ ಕೂರಿಸಿ, ಕಾಲರು ಬಂದಾಗ ಚಿತ್ರ ನಿಲ್ಲಿಸಿ, ಬೆರಳಿಟ್ಟು ತೋರಿಸಿದರೆ ಈ ಪುರಾಣಕ್ಕೆ ಎಳ್ಳುನೀರು ಬಿಟ್ಟಂತಾಗುತ್ತದೆ. ಮರುದಿನವೇ ಹೋಗಿ ಕೊಂಡಳು. ರಸಿಕರು ಎಂದು ಅಂಗಡಿಯವನು ಶುರುಮಾಡುವ ಮೊದಲೇ ಚಿಲ್ಲರೆ ಎಣಿಸಿಕೊಂಡು ಹೊರಬಿದ್ದಳು.

ಶನಿವಾರ ಮಧ್ಯಾಹ್ನ ಗಂಡ ಕ್ಷೌರಕ್ಕೆ ಹೋದ. ನಾಳೆ ತೋರಿಸುವುದನ್ನು ಇವತ್ತೇ ಒಮ್ಮೆ ನೋಡಿಟ್ಟರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಟೀವಿಯ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಪರದೆ ಎಳೆದು ಕುಳಿತಳು. ಮೊದಲ ಅರ್ಧ ಗಂಟೆ ಬೈಯುವುದರಲ್ಲೇ ಕಳೆಯಿತು. ಎಲ್ಲರೂ ಈಗಷ್ಟೇ ಮುಖ ತೊಳೆದು ಬಂದವರ ಹಾಗಿದ್ದರು. ಮಳೆಯಲ್ಲಿ ನೆಂದವರೂ ಒಣಗಿದ ಹಾಗಿದ್ದರು. ಹಾಳು ಮಾಡಿದ್ದಾರೆ, ದುಡ್ಡು ತಿಂದು ಹಾಳು ಮಾಡಿದ್ದಾರೆ ಎಂದು ಅವಳು ಖುಷಿಯಿಂದ ಗೊಣಗಿದಳು.

ಮೆಟ್ಟಿಲು ಬಂತು. ನಾಯಕಿ ಹೊರಳಿದಳು. ಎಡಚಿ ಚಿತ್ರ ನಿಲ್ಲಿಸಿ ಎದ್ದು ಹೋಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತಳು.

ಬೂದಿ ಪಟ್ಟಿ ಇರಲಿಲ್ಲ. ಉಣ್ಣೆಯ ನವಿರು ಕಾಣುತ್ತಿತ್ತು, ಬೆಳ್ಳಿದಾರದ ಒಂದೊಂದು ಟಾಕೂ ಬೇರೆಬೇರೆ ಕಾಣುತ್ತಿತ್ತು. ಸಣ್ಣ, ಸಮ, ಮುದ್ದಾದ ಟಾಕು. ಎಲ್ಲವೂ ಬಲಗೈಯ ಅಕ್ಕನ ಕಡೆಗೆ ಬಾಗಿದ್ದವು.

ಚಿತ್ರವನ್ನೇ ತಿರುಗಿಸಿ ಹಾಕಿದ್ದಾರೆ ಎಂಬ ಯೋಚನೆ ಅವಳಿಗೆ ಮೊದಲು ಬಂತು. ಸಂಕಲನದವರು ಹಾಗೆ ಮಾಡುವುದುಂಟು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹೊರಳುವ ಮುಂಚಿನ ಕ್ಷಣಕ್ಕೆ ಹೋಗಿ ನೋಡಿದಳು. ನಾಯಕಿಯ ಹೆಗಲ ಹಿಂದೆ ಗೋಡೆ ಗಡಿಯಾರವಿತ್ತು. ಅಂಕಿಗಳೆಲ್ಲ ನೆಟ್ಟಗಿದ್ದವು, ಯಾವುದೂ ತಿರುಗಿರಲಿಲ್ಲ. ಆಮೇಲೆ ಕೆಸರಿನ ದೃಶ್ಯ ಹಾಕಿದಳು. ನೋಡಬಾರದು ಎಂದುಕೊಂಡೇ ಹಾಕಿದಳು. ನಾಯಕಿ ಬೋರಲು ಬಿದ್ದು, ಖಳನಾಯಕ ಕಾಲರು ಹಿಡಿದು ಎಳೆಯುವಾಗ ಕೆಸರಿನ ನಡುವೆ ಬೆಳ್ಳಿದಾರದ ಗೆರೆ ಹಾದುಹೋಯಿತು. ತನ್ನ ಎಡಗೈಯ ಹೊಲಿಗೆಯನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಎಡಚಿ ಟೀವಿ ಆರಿಸಿ, ಡಬ್ಬಿಯನ್ನು ಒಯ್ದು ಕಪಾಟಿನ ಮಡಿಸಿದ ಹಾಸಿಗೆ ಬಟ್ಟೆಗಳ ಕೆಳಗೆ ತುರುಕಿದಳು. ಅಷ್ಟು ಅವಮಾನ ಅವಳಿಗೆ ಹಿಂದೆಂದೂ ಆಗಿರಲಿಲ್ಲ, ಆ ಅವಮಾನವನ್ನು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅದೊಂದು ಸಮಾಧಾನ.

ಭಾನುವಾರ ಅಕ್ಕ ಬಂದು, ಚಪ್ಪಲಿ ಬಿಟ್ಟು, ಎಂದಿನ ಕುರ್ಚಿಯಲ್ಲಿ ಕೂತಳು. ಗಂಡ ತನ್ನ ಪಾಡಿಗೆ ಸುಮ್ಮನಿರದೆ, ನಿನ್ನ ತಂಗಿ ಮತ್ತೆ ಆ ಸಿನಿಮಾ ಕೊಂಡುತಂದಿದ್ದಾಳೆ ಎಂದು ಬಾಯಿಬಿಟ್ಟು, ಚೀಲ ಹಿಡಿದು ತರಕಾರಿಗೆ ಹೋದ. ಎಡಚಿ ಚಹದ ಬಟ್ಟಲು ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ದುಡ್ಡು ದಂಡ, ಅಕ್ಕಾ. ಸ್ಪಷ್ಟವಂತೆ, ಅವರ ತಲೆ. ತೊಳೆದೂ ತೊಳೆದೂ ಬಟ್ಟೆಯೆಲ್ಲ ಪ್ಲಾಸ್ಟಿಕ್ ಥರ ಮಾಡಿಟ್ಟಿದಾರೆ. ಕಾಲರ್ ಮೇಲೆ ಒಂದು ಹೊಲಿಗೆ ಕಾಣ್ಸಿದ್ರೆ ಕೇಳು."

ಅಕ್ಕ ಒಂದು ಗುಟುಕು ಕುಡಿದಳು. "ಹೌದಾ? ನಮ್ಮನೇಲಿ ಚೆನ್ನಾಗೇ ಕಾಣುತ್ತಲ್ಲ."

ಎಡಚಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೂತುಕೊಂಡಳು. ಯಾವಾಗ ಕೊಂಡೆ ಎಂದು ಕೇಳಿದಳು. ಬಂದ ಹೊಸದರಲ್ಲೇ ಮಗ ತಂದುಕೊಟ್ಟ ಎಂದು ಅಕ್ಕ ಹೇಳಿದಳು. ಚಹದ ಬಟ್ಟಲು ನೋಡುತ್ತ ಕೂರಲು ಅವಳು ಶುರುಮಾಡಿದ್ದು ಆಗಲೇ. ಅಷ್ಟು ತಿಂಗಳು, ಅಷ್ಟು ಭಾನುವಾರ, ತಂಗಿಯ ಕತೆಯನ್ನು ಅದರ ಕೊನೆಯ ವಾಕ್ಯದ ಸಮೇತ ಅವಳು ಇದೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಿದ್ದಳು.

"ಮತ್ಯಾಕೆ ಹೇಳ್ಲಿಲ್ಲ?"

"ನೀನು ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದೀಯ. ಇಷ್ಟು ವಯಸ್ಸಾದ್ಮೇಲೆ ಯಾಕೆ ಕಿತ್ಕೊಳ್ಳೋದು ಅನ್ನಿಸ್ತು," ಎಂದಳು ಅಕ್ಕ. ಅವಳ ದನಿಯಲ್ಲಿ ಗೆದ್ದ ಸೊಕ್ಕು ಎಳ್ಳಷ್ಟೂ ಇರಲಿಲ್ಲ. ಮೊಮ್ಮಗನ ಮೂಗು ಒರೆಸುವಾಗ ಆಡುವ ದನಿ ಅದು.

  

ಅಕ್ಕ ಬಟ್ಟಲು ಕೆಳಗಿಟ್ಟು, ಚೀಲದಿಂದ ಕನ್ನಡಕ ತೆಗೆದು ಸೀರೆಯಂಚಿನಲ್ಲಿ ಒರೆಸಿ ಹಾಕಿಕೊಂಡಳು. "ಎಲ್ಲಿಟ್ಟಿದೀಯ, ತಗೊಂಬಾ. ಒಟ್ಟಿಗೆ ನೋಡೋಣ. ನಾನೇನೂ ಹೇಳಲ್ಲ."

ಎಡಚಿ ಎದ್ದು ಒಳಗೆ ಹೋಗಿ, ಹಾಸಿಗೆ ಬಟ್ಟೆಗಳ ಕೆಳಗೆ ಕೈ ಹಾಕಿ ಡಬ್ಬಿ ಹುಡುಕಿದಳು. ಅಕ್ಕ ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅಂದಿದ್ದರೆ ತಿರುಗಿಸಿ ಅನ್ನಬಹುದಿತ್ತು.