ಪರದೆಯಲ್ಲಿ ಇಲ್ಲದ ಹಾಡು

ಹನ್ನೆರಡು ವರ್ಷದ ಮೇಲೆ ನಮ್ಮ ಯಜಮಾನರು ಮತ್ತೆ ವೇದಿಕೆ ಹತ್ತಲು ಹೊರಟರು. ಅರವತ್ತೊಂಬತ್ತು ವಯಸ್ಸು, ಮಂಡಿಗೆ ಪಟ್ಟಿ, ಹೆಗಲಿಗೆ ಅದೇ ಹಳೇ ಎಲೆಕ್ಟ್ರಿಕ್ ಗಿಟಾರು. ಒಂದು ಕಾಲದಲ್ಲಿ ಇವರ ರಾಕ್ ಹಾಡು ಕೇಳಿದರೆ ಮುದುಕರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಆ ಮುದುಕರ ವಯಸ್ಸು ಇವರಿಗೇ ಬಂದಿದೆ. ತಾಳ, ಗಂಟಲು, ಬೆರಳು ಎಲ್ಲ ಗಟ್ಟಿ. ಹಾಡಿನ ಮಾತುಗಳು ಮಾತ್ರ ತಲೆಯಿಂದ ಜಾರುತ್ತಿವೆ.

ಇದು ಗೊತ್ತಿದ್ದದ್ದು ನನಗೆ, ಮಗಳಿಗೆ, ಡ್ರಮ್ಮಿನವನಿಗೆ. ಹನ್ನೊಂದು ಊರುಗಳ ಪ್ರವಾಸಕ್ಕೆ ಮಗಳು ಒಂದೇ ಷರತ್ತಿನ ಮೇಲೆ ಒಪ್ಪಿದ್ದಳು: ಮೊದಲ ಊರಿನಲ್ಲಿ ಒಂದೇ ಒಂದು ಹಾಡು ಅರ್ಧಕ್ಕೆ ನಿಂತರೂ ಗಂಟುಮೂಟೆ ಕಟ್ಟಿ ಮನೆಗೆ. ಅಪ್ಪ ಜನರೆದುರು ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ತಾನು ನೋಡಲಾರೆ ಎಂದಳು. ಹಾಡು ಬಿಟ್ಟರೆ ಈ ಮನುಷ್ಯನಲ್ಲಿ ಉಳಿಯುವುದು ಗಡ್ಡ ಮಾತ್ರ ಎಂದು ನನಗೆ ಭಯ. ಮಾತು ನೆನಪಿಸುವ ಕೆಲಸ ನನಗಿರಲಿ ಎಂದೆ.

ಕೆಲಸವೆಂದರೆ, ವೇದಿಕೆಯ ಬುಡದಲ್ಲಿ ಕೂತು, ಇವರ ಕಾಲ ಬಳಿಯ ಕಂಪ್ಯೂಟರ್ ಪರದೆಯ ಮೇಲೆ ಹಾಡಿನ ಸಾಲುಗಳನ್ನು ಒಂದೊಂದಾಗಿ ಸರಿಸುವುದು. ಇವರ ಉಸಿರು ನೋಡಿಕೊಂಡು ಗುಂಡಿ ಒತ್ತಬೇಕು. ಬೇಗ ಒತ್ತಿದರೆ ತಡವರಿಸುತ್ತಾರೆ, ತಡ ಮಾಡಿದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಇವರ ಉಸಿರನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಲವತ್ತು ವರ್ಷ ಗೊರಕೆ ಕೇಳಿದವಳು ನಾನು. ಪರದೆ ಕೈಕೊಟ್ಟರೆ ಇರಲಿ ಎಂದು ಒಂದು ಪುಟ್ಟ ಮೈಕನ್ನೂ ಕೊಟ್ಟಿದ್ದರು. ಅದರಲ್ಲಿ ಹೇಳಿದ್ದು ಇವರ ಕಿವಿಗೆ ಮಾತ್ರ ಕೇಳುತ್ತದೆ.

ಇಪ್ಪತ್ತೊಂದು ಹಾಡು ಟೈಪು ಮಾಡಿದೆ, ಒಂದನ್ನು ಬಿಟ್ಟೆ. ಮದುವೆಗೆ ಮುಂಚೆ ನನ್ನ ಮೇಲೆ ಬರೆದ ಹಾಡದು. ಅದನ್ನೂ ಹಾಕಲೇ ಎಂದು ಕೇಳಿದ್ದೆ. ಇವರಿಗೆ ಕೋಪ ಮೂಗಿನ ತುದಿಯಲ್ಲೇ. ಅದನ್ನು ಮರೆಯುವ ದಿನ ಬಂದರೆ ಗಿಟಾರನ್ನು ಒಲೆಗೆ ಹಾಕು ಎಂದರು. ನನಗೂ ಒಳಗೊಳಗೇ ಹಿಗ್ಗು. ಹಿಗ್ಗಿದವಳಿಗೆ ಬುದ್ಧಿ ಎಲ್ಲಿರುತ್ತದೆ?

ಮೊದಲ ಊರಿನಲ್ಲಿ ಸಂಜೆ ಬಯಲು ತುಂಬಿತು. ಹೊಗೆಯೂ ನೀಲಿ ಬೆಳಕೂ ಸೇರಿ, ಕೆಳಗೆ ಕೂತ ನನಗೆ ಇವರು ಮೋಡದ ಮೇಲೆ ನಿಂತಂತೆ ಕಾಣುತ್ತಿದ್ದರು. ನೆಲದ ನಡುಕ ಪಾದದಿಂದ ಹಲ್ಲಿನವರೆಗೂ ಏರುತ್ತಿತ್ತು. ಹಾಡುಗಳು ಒಂದರೊಳಗೊಂದು ಕರಗಿದವು. ಒಮ್ಮೆ ನನಗೆ ಇಪ್ಪತ್ತೆರಡು, ಒಮ್ಮೆ ಅರವತ್ತಮೂರು. ಯಾವುದು ಈಗ ಎಂದು ತಿಳಿಯಲು ಕೈಯ ಸುಕ್ಕು ನೋಡಿಕೊಳ್ಳಬೇಕಾಯಿತು.

ಆಮೇಲೆ ನನ್ನ ಹಾಡು ಬಂತು. ಮೊದಲ ಚರಣ ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಇವರು ಬಾಯಿ ತೆರೆದರು, ಅದು ತೆರೆದೇ ಇತ್ತು. ಕಣ್ಣು ಪರದೆಗೆ ಇಳಿಯಿತು. ಪರದೆ ಖಾಲಿ. ಡ್ರಮ್ಮಿನವನು ಜಾಣ, ಅದೇ ತಾಳವನ್ನು ಇನ್ನೊಂದು ಸುತ್ತು ತಿರುಗಿಸಿದ. ಪಕ್ಕದಲ್ಲಿದ್ದ ಮಗಳು ನನ್ನ ತೋಳು ಹಿಡಿದಳು. ನನ್ನ ಹಾಡನ್ನೇ ಮರೆತರಲ್ಲ ಎಂದು ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮೈಕು ಎತ್ತಿ ಸಾಲು ಹೇಳತೊಡಗಿದೆ.

ನನ್ನ ಕಣ್ಣು, ನನ್ನ ಕೂದಲು, ನನ್ನ ನಡಿಗೆ: ನನ್ನ ಹೊಗಳಿಕೆಯನ್ನು ನಾನೇ ಒಪ್ಪಿಸಬೇಕಾಯಿತು. ಯಾವ ಹೆಂಗಸಿಗೂ ಬೇಡ ಆ ಫಜೀತಿ. ನಾನು ಪಿಸುಗುಟ್ಟಿದ್ದು ಒಂದು ಉಸಿರು ತಡವಾಗಿ ಇವರ ಗಂಟಲಿನಿಂದ ಬಯಲಿಗೆಲ್ಲ ಹರಡುತ್ತಿತ್ತು. ಬರಬರುತ್ತ ಯಾರು ಯಾರಿಗೆ ಹೇಳುತ್ತಿದ್ದೇವೆ ಎಂಬುದೇ ತಿಳಿಯದಾಯಿತು.

ಕೊನೆಯ ಸಾಲು ಉಳಿಯಿತು. ‘ನಾ ಬರುವ ತನಕ ಬಾಗಿಲಲ್ಲೇ ಕಾದಿರು’ ಎಂದು ಅದು. ಜನ ಶಿಳ್ಳೆ ಹೊಡೆಯುವ ಸಾಲು. ಇವರು ಊರೂರು ತಿರುಗುವಾಗ ನಾನು ಹಾಗೇ ಕಾದೆ. ಮಗುವಿನ ಜ್ವರಕ್ಕೂ ನನ್ನಮ್ಮನ ಸಾವಿಗೂ ಒಬ್ಬಳೇ ನಿಂತೆ. ಆ ಸಾಲು ನನ್ನ ಬಾಯಿಗೆ ಬರಲೊಲ್ಲದು. ‘ಬಾಗಿಲು ಹಾಕಿ ನನ್ನ ಜೊತೆಗೇ ಹೊರಡು’ ಎಂದುಬಿಟ್ಟೆ.

ಇವರು ಹಾಗೇ ಹಾಡಿದರು. ಹಾಡು ಅರ್ಧಕ್ಕೆ ನಿಲ್ಲಲಿಲ್ಲ. ಮಗಳು ನನ್ನ ತೋಳು ಬಿಟ್ಟು ಕಣ್ಣೊರೆಸಿಕೊಂಡಳು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಬೆವರಿನಲ್ಲಿ ತೊಯ್ದು ಕೂತಿದ್ದರು. ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ನನ್ನ ಮುಖ ನೋಡಿದರು.

“ಆ ಕೊನೇ ಸಾಲು ನಾನು ಬರೆದದ್ದಲ್ಲ.”

“ಅಲ್ಲ. ನಂದು.”

ಲೋಟದ ನೀರನ್ನು ಗಟಗಟನೆ ಕುಡಿದು ಮುಗಿಸಿದರು.

“ನನ್ನ ಸಾಲು ಏನಿತ್ತು ಅಂತ ಇನ್ನು ನೆನಪಿಸ್ಬೇಡ ಕಣೇ,” ಎಂದರು. “ಮುಂದಿನ ಊರಲ್ಲೂ ಇದನ್ನೇ ಹೇಳು.”