ಜೇಬಿನ ಮೇಜು

ಸೂಜಿಯ ಮಾತನ್ನು ನಂಬುವವರು ಆ ಲಾಂಡ್ರಿಯಲ್ಲಿ ಒಬ್ಬರೂ ಇರಲಿಲ್ಲ. ಚುಚ್ಚಿ ಮಾತಾಡುತ್ತಾಳೆಂದು ಬಿದ್ದ ಹೆಸರು ಅದು. ಮೇಲ್ವಿಚಾರಕಿಯಾದ ಮೊದಲ ತಿಂಗಳೇ, ಹತ್ತು ನಿಮಿಷ ತಡವಾಗಿ ಬಂದ ಸ್ವಂತ ಅತ್ತಿಗೆಗೆ ಮೆಮೊ ಕೊಡಿಸಿದ್ದಳು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಒಂದೇ ಮನೆಯಲ್ಲಿ ಉಂಡರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಲಾಂಡ್ರಿಗೆ ಆಸ್ಪತ್ರೆ, ಕಾರ್ಖಾನೆಗಳ ಸಮವಸ್ತ್ರಗಳು ಬರುತ್ತಿದ್ದವು. ಆರು ಸಾಲು, ಸಾಲಿಗೊಂದು ಜೇಬಿನ ಮೇಜು, ಮೇಜಿಗೆ ನಾಲ್ವರು ಹೆಂಗಸರು. ಒಗೆಯುವ ಮೊದಲು ಜೇಬು ತಡಕಿ ಪೆನ್ನು, ಸ್ಕ್ರೂ, ಬ್ಲೇಡು ತೆಗೆಯುವುದು ಅವರ ಕೆಲಸ. ಒಮ್ಮೆ ಯಾರದೋ ಹಲ್ಲಿನ ಸೆಟ್ಟೂ ಸಿಕ್ಕಿತ್ತು.

ಹೊಸ ಯಂತ್ರದ ಪರೀಕ್ಷೆಗೆಂದು ಹೆಡ್ಡಾಫೀಸಿನಿಂದ ಒಬ್ಬ ಬಂದ; ಹೆಂಗಸರ ಬಾಯಲ್ಲಿ ಅವನು ಟ್ರಯಲ್ ಸಾರ್. ಅವನು ಮೂರನೆಯ ಸಾಲಿನಲ್ಲಿ, ಅತ್ತಿಗೆಯ ಮೇಜು ಎಬ್ಬಿಸಿ, ಒಂದು ಯಂತ್ರ ನಿಲ್ಲಿಸಿದ. ಬಟ್ಟೆ ಅದರಡಿ ಸಾಗಬೇಕು, ಜೇಬಿನಲ್ಲಿ ಏನಿದ್ದರೂ ಅದು ಕೂಗಬೇಕು. ಹದಿನೈದು ದಿನದ ಪರೀಕ್ಷೆ. ಆ ಸಾಲಿನ ಹೆಂಗಸರು ಗಾಡಿ ತಳ್ಳಬೇಕು, ಯಂತ್ರ ಕೂಗದೆ ಜೇಬಿಗೆ ಕೈ ಹಾಕುವಂತಿಲ್ಲ. ಹತ್ತಕ್ಕಿಂತ ಹೆಚ್ಚು ಬಟ್ಟೆ ಕೆಟ್ಟರೆ ಯಂತ್ರ ವಾಪಸ್ಸು. ಕೆಡದಿದ್ದರೆ ಆರೂ ಮೇಜು ರದ್ದು.

ಮೊದಲ ದಿನವೇ ಸೂಜಿ ಅತ್ತಿಗೆಯನ್ನು ಗಾಡಿಗಳ ಹಿಂದೆ ಕರೆದಳು.

"ಅತ್ತಿಗೆ, ಅದು ಲೋಹಕ್ಕೆ ಮಾತ್ರ ಕೂಗ್ತದೆ. ಪ್ಲಾಸ್ಟಿಕ್ ಪೆನ್ನು ಅದರ ಕಣ್ಣಿಗೇ ಬೀಳಲ್ಲ. ನೀವು ಸುಮ್ನೆ ಗಾಡಿ ತಳ್ಳಿ. ಶಾಯಿ ಆದ್ರೆ ಆಗ್ಲಿ. ಒಂದು ವಾರದಲ್ಲಿ ಸಾರ್ ಗಂಟುಮೂಟೆ ಕಟ್ತಾನೆ."

"ಅಬ್ಬಾ, ಏನು ಪ್ರೀತಿ ಉಕ್ಕಿ ಬಂತಮ್ಮ! ಬಟ್ಟೆ ಕೆಟ್ರೆ ಮೆಮೊ ಯಾರ ಹೆಸರಿಗೆ? ಯಂತ್ರದ ಹೆಸರಿಗಾ?"

"ಯಾರ ಹೆಸರಿಗೂ ಇಲ್ಲ. ದೇವರಾಣೆ."

"ನಿನ್ನ ಆಣೆ ನೀನೇ ಇಟ್ಕೋ."

ಸೂಜಿ ದಿನವೂ ಒಗೆದ ಬಟ್ಟೆಯ ರಾಶಿಯಲ್ಲಿ ಶಾಯಿ ಹುಡುಕಿದಳು. ಬಟ್ಟೆ ಹಾಲಿನಂತೆ ಬೆಳ್ಳಗಿರುತ್ತಿತ್ತು. ಹದಿನೈದನೆಯ ದಿನ ಮಧ್ಯಾಹ್ನ ಸಾರ್ ಗೋಡೆಗೆ ಹಾಳೆ ಅಂಟಿಸಿದ: ಒಂಬತ್ತು ಸಾವಿರ ಬಟ್ಟೆ, ಕೆಟ್ಟದ್ದು ಎರಡು. ಅದರ ಫೋಟೊ ಹೊಡೆದು ಅಲ್ಲೇ ಹೆಡ್ಡಾಫೀಸಿಗೆ ಕಳಿಸಿದ.

ಸೂಜಿ ನೇರ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅಲ್ಲಿದ್ದ ಅತ್ತಿಗೆಯಿಂದ ಅವಳ ಲಾಕರು ತೆಗೆಸಿದಳು. ಚೀಲದ ತುಂಬ ಪೆನ್ನುಗಳು.

"ಇದೇನಿದು?"

"ಗಾಡಿ ಹಿಂದೆ ನಿಂತು ತೆಗ್ದಿದ್ದು. ನಾಲ್ವರೂ ತೆಗ್ದಿದ್ದೀವಿ. ನೀನು ತೋಡಿದ ಗುಂಡಿಗೆ ಬೀಳೋಕೆ ನಾವೇನು ಕುರಿಗಳಾ?"

"ಯಂತ್ರ ಪಾಸಾಯ್ತು, ಅತ್ತಿಗೆ! ನೀವೇ ಪಾಸ್ ಮಾಡಿಸಿದ್ರಿ! ಥೂ, ನಿಮ್ಮ ಬುದ್ಧಿಗಿಷ್ಟು!"

ಅತ್ತಿಗೆ ಚೀಲ ಕಿತ್ತುಕೊಂಡು ದಡದಡ ಹೋಗಿ ಸಾರ್ ಮೇಜಿನ ಮೇಲೆ ಸುರಿದಳು. ಸೂಜಿ ಹಿಂದೆಯೇ ಓಡಿದಳು.

"ನಿಮ್ಮ ಯಂತ್ರ ಕುರುಡು, ಸಾರ್. ಇವನ್ನೆಲ್ಲ ತೆಗ್ದಿದ್ದು ನಾನು."

"ಅಂದ್ರೆ ಪರೀಕ್ಷೆ ಕೆಡಿಸಿದ್ದೀರಿ. ಬರೆದು ಕೊಡ್ತೀರಾ? ಕೊಟ್ರೆ ಇವತ್ತೇ ಮನೆಗೆ ಹೋಗ್ಬೇಕಾಗ್ತದೆ."

"ಮತ್ತೆ ಪರೀಕ್ಷೆ ಮಾಡ್ತೀರಾ?"

"ಅದನ್ನ ಮೇಲಿನವರು ನೋಡ್ತಾರೆ."

ಅತ್ತಿಗೆ ಬರೆದು ಕೊಟ್ಟಳು. ಸಾರ್ ಕಾಗದ ಮಡಚಿ ಫೈಲಿಗೆ ಸೇರಿಸಿದ.

"ಈಗಲೇ ಮೇಲೆ ಕಳ್ಸಿ, ಸಾರ್," ಎಂದಳು ಸೂಜಿ.

"ಹಾಳೆ ಹೋಗಿ ಆಯ್ತಲ್ಲಮ್ಮ. ನಾಳೆ ನನಗೆ ಬೇರೆ ಊರಲ್ಲಿ ಟ್ರಯಲ್ ಇದೆ. ಇವರನ್ನ ಗೇಟಿನ ತನಕ ಬಿಟ್ಟು ಬನ್ನಿ."

ಗೇಟಿನಲ್ಲಿ ಅತ್ತಿಗೆ ಗುರುತಿನ ಚೀಟಿ ಬಿಚ್ಚಿ ಸೂಜಿಯ ಕೈಗೆ ಹಾಕಿದಳು. "ಒಂದು ಸಲ ನಿಜ ಹೇಳಿದ್ದೀಯ. ಅದು ನಿಜ ಅಂತ ನಮಗೆ ಗೊತ್ತಾಗೋದಾದ್ರೂ ಹೇಗೆ?"

ಮುಂದಿನ ಸೋಮವಾರ ಆರೂ ಸಾಲಿಗೆ ಯಂತ್ರ ಬಂತು. ಮೊದಲ ವಾರ ಶಾಯಿ ಹತ್ತಿ ಕೆಟ್ಟ ಸಮವಸ್ತ್ರ ಒಂಬೈನೂರ ಹದಿನಾಲ್ಕು. ಬಿಟ್ಟುಹೋದ ಆಸ್ಪತ್ರೆ ಎರಡು. ಕೆಲಸ ಕಳೆದುಕೊಂಡ ಹೆಂಗಸರು, ಅತ್ತಿಗೆಯೂ ಸೇರಿ, ಇಪ್ಪತ್ತನಾಲ್ಕು.