ಮಧ್ಯಾಹ್ನ ಮೂರಕ್ಕೆ ಏಳುವ ಡಿಸ್ಕ್

ಲಿಫ್ಟ್ ರಿಪೇರಿ ಮಾಡುವವನಿಗೆ ಮನೆಯಲ್ಲಿ ಸರ್ವರ್ ಯಾಕೆ ಬೇಕು ಎಂದು ಕೇಳಿದವರಿಗೆ ಅವನು ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಕಾರಣ ಸರಳವಾಗಿತ್ತು. ಹೆಂಡತಿ ಕಟ್ಟಡಗಳ ನಕ್ಷೆ ಬರೆಯುವವಳು. ಅವಳ ಒಂದೊಂದು ಫೈಲೂ ಆನೆ ಗಾತ್ರದ್ದು. ಮನೆಯವರ ಫೋಟೋಗಳೆಲ್ಲ ಆರು ಹಳೆಯ ಫೋನುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅದರಲ್ಲೊಂದು, ಒಂದು ವರ್ಷದ ಹಿಂದೆ ತೀರಿಕೊಂಡ ಅಮ್ಮನ ಫೋನು. ಎಲ್ಲವನ್ನೂ ಒಂದೇ ಕಡೆ, ಅದೂ ತನ್ನ ಕಣ್ಣೆದುರಿಗೇ ಇಟ್ಟುಕೊಳ್ಳಬೇಕು ಎಂದು ಅವನಿಗೆ ಅನ್ನಿಸಿತ್ತು.

ಅವನು ಲಿಫ್ಟ್ ನೋಡಿಕೊಳ್ಳುವ ಕಟ್ಟಡವೊಂದರಿಂದ ಒಂದು ಕಚೇರಿ ಗಂಟುಮೂಟೆ ಕಟ್ಟಿದಾಗ ಗೋಡೆಗೆ ಬಿಗಿಯುವ ಕಬ್ಬಿಣದ ರ‍್ಯಾಕೊಂದನ್ನು ಬಿಟ್ಟುಹೋಗಿತ್ತು. ಕಾವಲುಗಾರನನ್ನು ಕೇಳಿ ಅದನ್ನು ಹೆಗಲ ಮೇಲೆ ಹೊತ್ತು ತಂದ. ಹೆಂಡತಿ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ರೀ, ಇದು ಸದ್ದು ಮಾಡಬಾರದು. ಕರೆಂಟು ಕುಡೀಬಾರದು. ಮನೇಲಿ ಗುಂಯ್ ಅನ್ನೋಕೆ ಫ್ರಿಜ್ ಒಂದೇ ಸಾಕು."

"ಇಪ್ಪತ್ತು ವ್ಯಾಟಿಗಿಂತ ಒಂದು ಚೂರು ಜಾಸ್ತಿ ಆದ್ರೂ ಎತ್ತಿ ಆಚೆ ಹಾಕ್ತೀನಿ."

"ನೀವಾ? ಕೆಟ್ಟುಹೋದ ಟಾರ್ಚನ್ನೇ ಇನ್ನೂ ಆಚೆ ಹಾಕಿಲ್ಲ."

ಕೋಣೆಗಳ ನಡುವಿನ ಓಣಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಗೋಡೆಗೆ ರ‍್ಯಾಕ್ ಏರಿತು. ಮನುಷ್ಯರನ್ನು ಹೊತ್ತು ಮೇಲೆ ಕೆಳಗೆ ಓಡಾಡುವ ಪೆಟ್ಟಿಗೆಗಳನ್ನು ನೇತುಹಾಕಿ ಅಭ್ಯಾಸವಿದ್ದವನಾದ್ದರಿಂದ ಅಗತ್ಯಕ್ಕಿಂತ ಎರಡರಷ್ಟು ಬೋಲ್ಟ್ ಬಡಿದಿದ್ದ. ಒಳಗೆ ಒಂದು ಕಂಪ್ಯೂಟರ್, ನಾಲ್ಕು ಹಾರ್ಡ್ ಡಿಸ್ಕ್, ನೆಟ್‌ವರ್ಕಿನ ತಂತಿಗಳು ಕೂಡುವ ಒಂದು ಸಣ್ಣ ಸ್ವಿಚ್. ಪ್ಲಗ್ಗಿಗೂ ಗೋಡೆಗೂ ನಡುವೆ ಕರೆಂಟು ಅಳೆಯುವ ಮೀಟರ್ ಸಿಕ್ಕಿಸಿ ಮೊದಲ ಸಲ ಗುಂಡಿ ಒತ್ತಿದಾಗ ಅದು ತೋರಿಸಿದ್ದು ಅರವತ್ತೊಂದು ವ್ಯಾಟ್.

ಅಲ್ಲಿಂದ ಮುಂದೆ ಆರು ವಾರ ಅವನಿಗೆ ಅದೊಂದೇ ಧ್ಯಾನ. ಗ್ರಾಫಿಕ್ಸ್ ಕಾರ್ಡು ಕಿತ್ತುಹಾಕಿದ: ನಲವತ್ತನಾಲ್ಕು. ದೊಡ್ಡ ಪವರ್ ಸಪ್ಲೈ ತೆಗೆದು ಸಣ್ಣದನ್ನು ಕೂರಿಸಿದ: ಮೂವತ್ತಾರು. ಮೂರು ಫ್ಯಾನುಗಳಲ್ಲಿ ಎರಡಕ್ಕೆ ವಿದಾಯ ಹೇಳಿ ಉಳಿದ ಒಂದನ್ನು ನಿಧಾನವಾಗಿ ತಿರುಗುವಂತೆ ಮಾಡಿದ. ಸದಾ ಓಡುವ ಅಪ್ಲಿಕೇಶನ್ನುಗಳನ್ನೆಲ್ಲ ತಿರುಗುವ ಭಾಗವೇ ಇಲ್ಲದ ಒಂದು ಪುಟ್ಟ ಎಸ್‌ಎಸ್‌ಡಿಗೆ ಸಾಗಿಸಿ, ಯಾರೂ ಏನೂ ಕೇಳದಿದ್ದಾಗ ನಾಲ್ಕೂ ಡಿಸ್ಕ್ ನಿದ್ದೆ ಹೋಗುವಂತೆ ಹೊಂದಿಸಿದ. ಕೆಲಸದ ಕಡೆ ಎಲ್ಲರೂ ಅವನನ್ನು ವ್ಯಾಟರಾಯ ಎಂದು ಕರೆಯತೊಡಗಿದರು. ಕೊನೆಗೊಂದು ದಿನ ಮೀಟರು ಹತ್ತೊಂಬತ್ತು ತೋರಿಸಿತು. ಹೆಂಡತಿಯನ್ನು ಕೈಹಿಡಿದು ಎಳೆತಂದು ತೋರಿಸಿದ.

"ಸರಿ," ಎಂದಳು ಅವಳು, "ಇನ್ಮೇಲೆ ಊಟಕ್ಕಾದ್ರೂ ಟೈಮಿಗೆ ಬನ್ನಿ."

ಮನೆಯಲ್ಲಿ ಇದಕ್ಕೆ ಸೊಪ್ಪು ಹಾಕದೇ ಇದ್ದವರು ಅಪ್ಪ ಒಬ್ಬರೇ. ಮೂವತ್ತು ವರ್ಷ ಬಸ್ಸು ಓಡಿಸಿದವರು. ಸೊಸೆ ಅವರ ಟ್ಯಾಬ್ಲೆಟ್ಟಿಗೆ ಎಲ್ಲವನ್ನೂ ಜೋಡಿಸಿಕೊಟ್ಟು, "ಮಾವ, ಹಾಡು, ಫೋಟೋ ಎಲ್ಲಾ ಇದ್ರಲ್ಲೇ ಬರುತ್ತೆ" ಎಂದಿದ್ದಳು. "ಆ ಡಬ್ಬಾ ಸಹವಾಸ ನನಗ್ಯಾಕಮ್ಮ" ಎಂದು ಅವರು ಅದನ್ನು ಕಪಾಟಿನ ಮೇಲಿಟ್ಟಿದ್ದರು.

ಮೀಟರಿನ ಲೆಕ್ಕ ನಿಮಿಷ ನಿಮಿಷಕ್ಕೂ ಗೆರೆಯಾಗಿ ದಾಖಲಾಗುತ್ತಿತ್ತು. ಎರಡು ವಾರದ ಗೆರೆ ನೋಡುವಾಗ ವ್ಯಾಟರಾಯನ ಕಣ್ಣಿಗೆ ಒಂದು ದಿಬ್ಬ ಬಿತ್ತು. ಪ್ರತಿದಿನ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಡಿಸ್ಕ್ ಏಳುತ್ತಿತ್ತು. ನಾಲ್ಕೂವರೆಯವರೆಗೆ ತಿರುಗಿ ಮತ್ತೆ ಮಲಗುತ್ತಿತ್ತು. ಆ ಹೊತ್ತಿಗೆ ಅವನೂ ಹೆಂಡತಿಯೂ ಕೆಲಸದಲ್ಲಿರುತ್ತಿದ್ದರು. ಯಾವುದೋ ಅಪ್ಲಿಕೇಶನ್ನಿನ ಕಿತಾಪತಿ ಎಂದುಕೊಂಡು ಒಂದೊಂದನ್ನೇ ನಿಲ್ಲಿಸಿ ನೋಡಿದ. ದಿಬ್ಬ ಜಗ್ಗಲಿಲ್ಲ. ಕೊನೆಗೆ ಯಾವ ಫೈಲನ್ನು ಯಾರು ತೆರೆಯುತ್ತಾರೆ ಎಂಬ ದಾಖಲೆ ಬಿಚ್ಚಿದ. ಅಮ್ಮನ ಫೋನಿನಿಂದ ಬಂದ ಧ್ವನಿಗಳು. ತೆರೆದಿದ್ದು ಅಪ್ಪನ ಟ್ಯಾಬ್ಲೆಟ್.

ಅಮ್ಮ ಟೈಲರ್ ಆಗಿದ್ದಳು. ಕಣ್ಣು ಮಂಜಾದ ಮೇಲೆ ಅಳತೆಯನ್ನು ಬರೆಯುವ ಬದಲು ಫೋನಿಗೆ ಹೇಳಿ ಇಟ್ಟುಕೊಳ್ಳುತ್ತಿದ್ದಳು. ಎದೆ ಇಷ್ಟು, ತೋಳು ಇಷ್ಟು, ಜೇಬು ಒಳಗಡೆ. ಅಂಥವು ಸಾವಿರದ ಇನ್ನೂರು ಚಿಲ್ಲರೆ ಇದ್ದವು. ಅಪ್ಪ ಅವಳ ದನಿ ಕೇಳಲು ಕೂರುತ್ತಾರೆ ಎಂದು ಅವನು ಅಂದುಕೊಂಡ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಮಾತೆತ್ತುವುದು ಬೇಡವೆಂದು, ಆ ಧ್ವನಿಗಳನ್ನೂ ಎಸ್‌ಎಸ್‌ಡಿಗೆ ಹಾಕಿಬಿಟ್ಟ. ದಿಬ್ಬ ಮಾಯವಾಯಿತು.

ರಜೆಯಿದ್ದ ಒಂದು ಶನಿವಾರ ಸ್ಕ್ರೂಡ್ರೈವರ್ ಹುಡುಕುತ್ತಾ ಅಪ್ಪನ ಕೋಣೆಗೆ ಹೋದ. ಗಂಟೆ ಮೂರು ದಾಟಿತ್ತು. ಅಪ್ಪ ನೆಲದ ಮೇಲೆ ಕೂತಿದ್ದರು. ಎದುರಿಗೆ ಬಟ್ಟೆಯ ಏಳು ಗಂಟು, ಕತ್ತರಿಸಿದ್ದು, ಹೊಲಿದಿಲ್ಲ. ಕೊರಳಲ್ಲಿ ಟೇಪು. ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಿಂದ ಅಮ್ಮ ಹೇಳುತ್ತಿದ್ದಳು: "ಪೋಸ್ಟಾಫೀಸಿನವರು. ಕಾಲರ್ ಹದಿನೈದೂವರೆ. ತೋಳು ಇಪ್ಪತ್ಮೂರು."

ಅಪ್ಪ ಒಂದು ತೋಳಿನ ತುಂಡಿಗೆ ಟೇಪು ಹಿಡಿದು, ಇದಲ್ಲ ಎಂಬಂತೆ ತಲೆಯಾಡಿಸಿ ಕೆಳಗಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತ ಮಗನನ್ನು ಕಂಡರು.

"ಏನಪ್ಪಾ ಇದು?"

"ಜನರ ಬಟ್ಟೆ ಕಣೋ. ಅವಳು ಕತ್ತರಿಸಿಟ್ಟು ಹೋದದ್ದು. ಯಾರದ್ದು ಅಂತ ಗೊತ್ತಾದ್ರೆ ಕೊಟ್ಟುಬರೋಣ ಅಂತ."

"ಚೀಟಿ ಇದೆಯಲ್ಲ?"

ಪ್ರತಿ ಗಂಟಿಗೂ ಒಂದು ಚೀಟಿ ಚುಚ್ಚಿತ್ತು. ಒಂದರಲ್ಲಿ ೭೧೪, ಇನ್ನೊಂದರಲ್ಲಿ ೯೦೨.

"ನಂಬರ್ ಇದೆ. ಅವಳ ಫೋನಲ್ಲಿ ಅದೇ ನಂಬರ್ ಒತ್ತಿದ್ರೆ ಯಾರು ಅಂತ ಅವಳೇ ಹೇಳೋಳು. ನಿನ್ನ ಡಬ್ಬಾದಲ್ಲಿ ನಂಬರೇ ಇಲ್ಲ. ಬರೀ ತಾರೀಕು, ಗಂಟೆ. ಅದೂ ಉಲ್ಟಾಪಲ್ಟಾ. ಅದಕ್ಕೆ ಒಂದೊಂದೇ ಕೇಳ್ತಾ ಇದೀನಿ. ನಾನೂರಾಯ್ತು. ಹದಿನೈದೂವರೆ ಕಾಲರಿನೋರು ಊರಲ್ಲಿ ಎಷ್ಟು ಜನ ಇದಾರೆ ಅಂತ ಈಗ ನನ್ನ ಕೇಳು, ಹೇಳ್ತೀನಿ."

ವ್ಯಾಟರಾಯ ನಾಲಿಗೆ ಕಚ್ಚಿಕೊಂಡ. ಫೋನುಗಳಿಂದ ಎಲ್ಲವನ್ನೂ ಎಳೆದುಕೊಳ್ಳುವಾಗ ಅಂದ ಕಾಣಲೆಂದು ಹಳೆಯ ಹೆಸರುಗಳನ್ನು ಅಳಿಸಿ, ತಾರೀಕಿನ ಪ್ರಕಾರ ಹೊಸ ಹೆಸರಿಟ್ಟವನು ಅವನೇ. ಅಮ್ಮನ ಫೋನಿನ ಗಡಿಯಾರ ಆಗಾಗ ಕೈಕೊಡುತ್ತಿದ್ದುದರಿಂದ ಆ ತಾರೀಕುಗಳೂ ಕಲಸುಮೇಲೋಗರವಾಗಿದ್ದವು. ಫೋನನ್ನು ಒರೆಸಿ, ಖಾಲಿ ಮಾಡಿ, ಯಾರಿಗೋ ಕೊಟ್ಟೂ ಆಗಿತ್ತು.

"ಒಂದು ಮಾತು ಹೇಳಬಾರದಿತ್ತಾ ಅಪ್ಪಾ?"

"ಎರಡು ತಿಂಗಳು ನೀನು ಆ ಮೀಟರಿಂದ ತಲೆ ಎತ್ತಲಿಲ್ಲ. ಯಾವಾಗ ಹೇಳಲಿ?"

ಅವನು ಹೋಗಿ ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತ. ಹೆಸರು ಬದಲಿಸಿದ ದಿನ ಯಾವುದು ಯಾವುದಾಯಿತು ಎಂದು ಯಂತ್ರ ಒಂದು ಪಟ್ಟಿ ಬರೆದಿಟ್ಟಿರಬೇಕು. ಇತ್ತು. ಸಾವಿರದ ಇನ್ನೂರು ಸಾಲುಗಳ ಆ ಪಟ್ಟಿಯನ್ನು ಹಿಂದುಮುಂದಾಗಿ ಓಡಿಸುವ ಆದೇಶ ಬರೆಯಲು ಅರ್ಧ ಗಂಟೆ ಹಿಡಿಯಿತು. ಓಡಿ ಮುಗಿಯಲು ಎರಡು ಸೆಕೆಂಡು ಸಾಕಾಯಿತು.

"ನಂಬರ್ ಹೇಳಿ."

"ಏಳ್ನೂರ ಹದಿನಾಲ್ಕು," ಎಂದರು ಅಪ್ಪ. ನಂಬಿಕೆ ಇದ್ದಂತೆ ಕಾಣಲಿಲ್ಲ.

ಒತ್ತಿದ. "ಕ್ರೇನ್ ಓಡಿಸುವವರು," ಎಂದಳು ಅಮ್ಮ. "ಎದೆ ನಲವತ್ತೆರಡು. ಹೊಟ್ಟೆಗೆ ಸ್ವಲ್ಪ ಜಾಗ ಬಿಡಬೇಕು."

ಅಪ್ಪ ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತತೊಡಗಿದರು. ಸುತ್ತಿ ಮುಗಿಸುವ ಹೊತ್ತಿಗೆ ಏಳೂ ಗಂಟಿಗೆ ವಾರಸುದಾರರು ಸಿಕ್ಕಿದ್ದರು.

ಕೊಟ್ಟುಬರಲು ಮೂರು ಭಾನುವಾರ ಬೇಕಾಯಿತು. ಕ್ರೇನ್ ಓಡಿಸುವವನು ಗಂಟು ಬಿಚ್ಚಿ ನೋಡಿ, ಇನ್ನು ತನಗೆ ಇದು ಸಾಲದು, ತಮ್ಮನಿಗಾಗುತ್ತದೆ ಎಂದು ನಕ್ಕ. ದಾದಿಯೊಬ್ಬಳು ಬಟ್ಟೆ ಕೊಟ್ಟದ್ದನ್ನೇ ಮರೆತಿದ್ದಳು. ಒಬ್ಬರು ಮನೆ ಬದಲಿಸಿದ್ದರು. ಅವರ ವಿಳಾಸ ಸಿಗಲು ಅಪ್ಪನ ಹಳೆಯ ಕಂಡಕ್ಟರನ ಸಹಾಯ ಬೇಕಾಯಿತು. ಹೋದಲ್ಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ತಡ ಆಯ್ತು. ಬೇಜಾರು ಮಾಡ್ಕೋಬೇಡಿ." ಅವನು ಹಿಂದೆ ನಿಂತು ಚೀಲ ಹಿಡಿದಿರುತ್ತಿದ್ದ.

ಕೊನೆಯ ಗಂಟು ಬೇಕರಿಯ ಅಕ್ಕನದು, ಕಂದು ಬಣ್ಣದ ಕೋಟಿನ ಬಟ್ಟೆ. ಹಿಟ್ಟಿನ ಕೈ ಒರೆಸಿಕೊಂಡು ಹೊರಬಂದ ಆಕೆ ಬಟ್ಟೆಯನ್ನು ಎದೆಗೆ ಹಿಡಿದು ನೋಡಿದಳು.

"ನನ್ನ ಅಳತೆ ಹೇಳಿದ್ದೂ ಇದ್ಯಾ? ಒಂದ್ಸಲ ಕೇಳಿಸ್ತೀರಾ?"

ಅಪ್ಪ ಮಗನ ಮುಖ ನೋಡಿದರು. ಹೊರಗಿದ್ದಾಗಲೂ ಮನೆಯ ಪೆಟ್ಟಿಗೆಯನ್ನು ತಲುಪುವಂತೆ ಅವನು ಫೋನನ್ನು ಹೊಂದಿಸಿಟ್ಟಿದ್ದ. ಒಂದು ಸಾವಿರದ ಎಂಬತ್ತೆಂಟು ಒತ್ತಿ ಬ್ರೆಡ್ಡಿನ ಗಾಜಿನ ಪೆಟ್ಟಿಗೆಯ ಮೇಲಿಟ್ಟ.

"ಬೇಕರಿಯವಳು. ಎದೆ ಮೂವತ್ತೆಂಟು. ಉದ್ದ ನಲವತ್ತು. ಬಲತೋಳು ಇಪ್ಪತ್ತೆರಡೂವರೆ, ಎಡತೋಳು ಇಪ್ಪತ್ಮೂರು. ಅವಳಿಗೆ ಹೇಳೋದು ಬೇಡ, ಸುಮ್ನೆ ಹೊಲಿದುಕೊಡೋಣ."

ಬೇಕರಿಯ ಅಕ್ಕ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳ ತುದಿ ಜೋಡಿಸಿ ನೋಡಿದಳು. ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದಳು.

"ಹೌದಲ್ಲ!" ಎಂದಳು. "ನನಗೆ ಐವತ್ತು ವರ್ಷ ಆಯ್ತು. ಯಾರೂ ಹೇಳೇ ಇಲ್ಲ."

ಅಪ್ಪನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿ ಆಗದೆ ಗಾಜಿನ ಪೆಟ್ಟಿಗೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕಳು, ಕೈ ಇನ್ನೂ ಚಾಚಿಯೇ ಇತ್ತು.